ಕಾಕಾನ ಚಿಗರಿ

2009ರ ಮುಂಗಾರ್ಯಾಗ ನಮ್ಮ ಕಾಕಾ ಲೋಕಾಪುರದ ಗೆಳ್ಯಾಗ ಕೊಟ್ಟಿದ್ದ ಕೈಗಡ ಇಸ್ಕೊಂಡು ಬರ್ತೀನಿ ಅಂತ ಬೈಕ್ ಹತ್ತಿ ಹೋದಾಂವ ರಾತ್ರಿ ಊಟದ ಹೊತ್ತಿಗೆ ತಿರುಗಿ ಬಂದ, ರೊಕ್ಕ ತರಲಿಲ್ಲ, ಅಂಗಿ ಒಳಗ ಒಂದು ನಾಯಿಮರಿ ಇಟ್ಕೊಂಡು ಬಂದಿದ್ದ. ಚಿಗವ್ವ ರೊಕ್ಕ ಎಲ್ಲಿ ಅಂತ ಕೇಳಿದ್ಲು. ಕಾಕಾ ಅಂಗಿ ಗುಂಡಿ ಬಿಚ್ಚಿ ಮರಿನ್ನ ಕಟ್ಟಿ ಮ್ಯಾಲೆ ಇಳಿಸಿ, "ಇದ ರೊಕ್ಕ" ಅಂದ. ಅವತ್ತು ರಾತ್ರಿ ಚಿಗವ್ವ ಕಾಕಾಗ ಬಡಿಸಲಿಲ್ಲ, ಆಯಿನ ಎದ್ದು ರೊಟ್ಟಿ ಹಾಕಿದ್ಲು ಅಂತ ಮನ್ಯಾಗ ಈಗೂ ಹೇಳ್ತಾರ. ನಾ ಅವಾಗ ಹುಬ್ಬಳ್ಳ್ಯಾಗ ಓದಾಕತ್ತಿದ್ದೆ, ಸೂಟಿಗೆ ಊರಿಗೆ ಹೋದಾಗ ಆ ಮರಿ ಆಗಲೇ ಮೊಣಕಾಲ ಮಟ ಬೆಳದು ಇಡೀ ಅಂಗಳಾ ತನ್ನದು ಮಾಡ್ಕೊಂಡಿತ್ತು.

ಊರು ಅಂದ್ರ ಮುಧೋಳ ತಾಲೂಕಿನಾಗ ಘಟಪ್ರಭಾ ದಂಡಿಗೆ ಇರೋ ಒಂದು ಸಣ್ಣ ಹಳ್ಳಿ. ಮರಿ ಯಾವ ಜಾತಿದು ಅಂತ ಯಾರೂ ಕೇಳೋ ಪ್ರಶ್ನೆನ ಇರಲಿಲ್ಲ. ಉದ್ದನ ಮೂತಿ, ಆಳವಾದ ಎದಿ, ಹೊಟ್ಟಿ ಜಾಗಾದಾಗ ಏನೂ ಇಲ್ಲಂಗ ಒಳಗ ಸೇರಿದ ಸ್ವಂಟಾ, ಕಾಲು ನೋಡಿದ್ರ ಮುರದು ಹೋದಾವೇನೋ ಅನ್ನುವಷ್ಟು ಸಣ್ಣು. ನಮ್ಮ ಕಡೆ ಹಳೇ ಮಂದಿ ಇದಕ್ಕ ಮುಧೋಳ ನಾಯಿ ಅನ್ನಂಗಿಲ್ಲ, ಕಾರವಾನಿ ಅಂತಾರ, ಇಲ್ಲಾಂದ್ರ ಬರೇ ಬ್ಯಾಟಿ ನಾಯಿ ಅಂತಾರ. ಮುತ್ಯಾ ಹೊರಸಿನ ಮ್ಯಾಲೆ ಕುಂತ ಮರಿನ್ನ ಹತ್ರ ಕರದು, ಬೆನ್ನೆಲುಬಿನ ಮ್ಯಾಲೆ ಬೆರಳಾಡಿಸಿ, ಹಿಂಗಾಲು ಎತ್ತಿ ನೋಡಿ, "ಚಲೋ ಐತಿ, ಚಿಗರಿ ಐತಿದು" ಅಂದಿದ್ನಂತ. ಚಿಗರಿ ಅಂದ್ರ ಜಿಂಕಿ, ಮೈಬಣ್ಣನೂ ಹಂಗ ಇತ್ತು, ತಿಳಿ ಕಂದು, ಎದಿ ಮ್ಯಾಲೆ ಬಿಳಿ ಪಟ್ಟಿ. ಅಲ್ಲಿಂದ ಅಕಿ ಹೆಸರು ಚಿಗರಿ ಆತು. ಎಷ್ಟೋ ವರ್ಷ ಆದಮ್ಯಾಲೆ ಹುಬ್ಬಳ್ಳಿ-ಧಾರವಾಡಕ್ಕ ಬಿಆರ್‌ಟಿಎಸ್ ಬಸ್ ಬಂದು ಅದಕ್ಕೂ ಚಿಗರಿ ಅಂತ ಹೆಸರಿಟ್ರು, ದಿನಾ ಆಫೀಸಿಗೆ ಹೋಗುವಾಗ ಬಸ್ಸಿನ ಮ್ಯಾಲೆ ಆ ಹೆಸರು ಕಂಡ್ರ ಸಾಕು, ನನಗ ಮೊದಲು ಊರ ಅಂಗಳ ನೆನಪಾಗ್ತಿತ್ತು.

ಮುತ್ಯಾ ಹುಟ್ಟಿದ್ದು ಮುಧೋಳ ಇನ್ನೂ ಸಂಸ್ಥಾನ ಇದ್ದಾಗ. 1948ರಾಗ ವಿಲೀನ ಆಗೋ ಮಟ ಅಲ್ಲಿ ಘೋರ್ಪಡೆ ಅರಸರ ಆಳ್ವಿಕಿ. ಮಾಲೋಜಿರಾವ್ ಘೋರ್ಪಡೆ ಇಂಥಾ ಒಂದು ಜೋಡಿನ್ನ ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಕಾಣಿಕಿ ಕೊಟ್ಟಿದ್ರು, ಊರಿನ ಹೆಸರು ನಾಯಿಗೆ ಅಂಟಿದ್ದು ಆವಾಗಿಂದ ಅಂತ ಹೇಳ್ತಾರ. ಮುತ್ಯಾ ಮಾತ್ರ ಅರಸರ ನಾಯಿ ಬಗ್ಗೆ ಹೆಚ್ಚಿಗೆ ಮಾತಾಡ್ತಿರಲಿಲ್ಲ, ಕುರಿ ಕಾಯೋರ ನಾಯಿ, ಬ್ಯಾಡರ ನಾಯಿ, ಮೊಲದ ಹಿಂದ ಓಡಿ ಓಡಿ ಕಣ್ಣಿಗೆ ಕಾಣಲಾರದಷ್ಟು ದೂರ ಹೋಗಿ ಬಾಯಾಗ ಕಚ್ಕೊಂಡು ತಿರುಗಿ ಬರೋ ನಾಯಿ, ಅಂಥಾವ ಅಂವನ ಕತಿಯೊಳಗ ಬರ್ತಿದ್ವು. ಆ ಕತಿ ಕೇಳಿ ನಮ್ಮ ತಮ್ಮ, ಅಂದ್ರ ಕಾಕಾನ ಮಗ, ಚಿಗರಿನೂ ಬ್ಯಾಟಿಗೆ ಕರ್ಕೊಂಡು ಹೋಗೂನು ಅಂತ ಗಂಟು ಬಿದ್ದಿದ್ದ. ಕಾಕಾ ಒಂದ ಮಾತಿನಾಗ ಮುಗಿಸಿದ: "ಬ್ಯಾಟಿ ಬಂದ್ ಆಗಿ ನೀ ಹುಟ್ಟೂಕಿಂತ ಮೊದಲ ಎಷ್ಟೋ ವರ್ಷ ಆತು. ಅಕಿ ಓಡ್ಲಿ, ಹಿಡಿಯೂದು ಬ್ಯಾಡ." 1972ರ ವನ್ಯಜೀವಿ ಕಾಯ್ದೆ ಅಂವಗ ಗೊತ್ತಿತ್ತು ಖರೆ, ಆದ್ರ ಅಂವ ಆ ಮಾತು ಹೇಳಿದ್ದು ಕಾಯ್ದೆಗೆ ಅಂಜಿ ಅಲ್ಲ ಅಂತ ನನಗ ಅನಸ್ತೈತಿ. ಅಂವಗ ಅಕಿ ಓಡೂದು ನೋಡಬೇಕಿತ್ತು, ಅಷ್ಟ.

ಮನ್ಯಾಗ ಅಕಿ ತಿನ್ನೂದರದ ಒಂದು ದೊಡ್ಡ ಪಂಚಾಯ್ತಿ. ನಮ್ಮದು ತತ್ತಿ ಸುದ್ದಾ ಹೊಸ್ತಿಲಾ ದಾಟದ ಮನಿ. ಮುಂಜಾನಿ ಬಿಳಿಜ್ವಾಳದ ರೊಟ್ಟಿ ಎಮ್ಮಿ ಹಾಲಿನಾಗ ನೆನಸಿ ಹಾಕೂದು, ಸಂಜಿಗೆ ಗೋವಿನಜ್ವಾಳದ ನುಚ್ಚಿಗೆ ಮಜ್ಜಿಗಿ, ಇಷ್ಟಕ್ಕ ಆಯಿ ಒಪ್ಪಿದ್ಲು. ಆದ್ರ ಬೆಳಿಯೋ ಮರಿಗೆ ಇದು ಸಾಲಂಗಿಲ್ಲ, ತತ್ತಿ ಕೊಡ್ರಿ ಅಂತ ತಿಮ್ಮಾಪುರದಾಗ ಹೇಳಿದ್ರು. ತಿಮ್ಮಾಪುರ ಅಂದ್ರ ಮುಧೋಳದ ಹತ್ರ ಇರೋ ಶ್ವಾನ ಸಂಶೋಧನಾ ಕೇಂದ್ರ, ಬೀದರಿನ ಪಶು ವಿಶ್ವವಿದ್ಯಾಲಯದ್ದು, ಈ ತಳಿ ಉಳಿಸಾಕಂತನ ಮಾಡಿದ್ದು. ಕಾಕಾ ಅಲ್ಲಿಂದ ಬಂದು ಆಯಿಗೆ ಏನೂ ಹೇಳಲಿಲ್ಲ. ಹೊಲದಾಗ ಪಂಪಿನ ಮನ್ಯಾಗ ಒಂದು ಹಳೇ ಡಬರಿ, ಮೂರು ಕಲ್ಲಿನ ಒಲಿ ಹೂಡಿ, ದಿನಾ ಅಲ್ಲೇ ಎರಡು ತತ್ತಿ ಕುದಿಸಿ ಸುಲದು ಚಿಗರಿಗೆ ತಿನಿಸಿ, ಕೈ ಮಣ್ಣಿಲೆ ತಿಕ್ಕಿ ತೊಳ್ಕೊಂಡು ಮನಿಗೆ ಬರ್ತಿದ್ದ. ಆಯಿಗೆ ಇದು ಗೊತ್ತಿತ್ತು ಅಂತ ಅಕಿ ತೀರಿಕೊಳ್ಳೂಕಿಂತ ಸ್ವಲ್ಪ ಮೊದಲು ನನಗ ಹೇಳಿದ್ಲು. "ಗೊತ್ತಿಲ್ಲದ ಏನ ತಂಗಿ, ನಾಯಿ ಮೈಮ್ಯಾಲಿನ ಹೊಳಪ ಹೇಳ್ತಿತ್ತು. ಹೊಲದಾಗ ಮಾಡ್ತಾನ, ಮಾಡ್ಲಿ ಅಂತ ಬಿಟ್ಟೆ."

ಈಗ ಹೊಲದ ಮಾತು ಹೇಳಬೇಕು, ಯಾಕಂದ್ರ ಚಿಗರಿ ಮಾತು ಅಂದ್ರ ಖರೇನ ಹೊಲದ ಮಾತು.

ಮುತ್ಯಾನ ಕಾಲಕ್ಕ ನಮ್ಮ ಕಡೆ ಎಲ್ಲಾ ಬಯಲು ಎರಿ ಹೊಲ. ಮುಂಗಾರ್ಯಾಗ ಖಾಲಿ ಬಿಟ್ಟು ಹಿಂಗಾರ್ಯಾಗ ಜ್ವಾಳ, ಕಡ್ಲಿ, ಕುಸುಬಿ ಬಿತ್ತೋರು. ಒಡ್ಡಿನ ಮ್ಯಾಲೆ ನಿಂತ್ರ ಮುಂದಿನ ಊರಿನ ಗುಡಿ ಶಿಖರ ಕಾಣ್ತಿತ್ತಂತ. ಹಿಡಕಲ್ ಡ್ಯಾಮಿನ ನೀರು ಕಾಲುವಿಗೆ ಬಂತು, ನದಿಯಿಂದ ಪೈಪ್‌ಲೈನ್ ಬಂದ್ವು, ಬೋರ್ ಬಂದ್ವು, ಸಕ್ಕರಿ ಫ್ಯಾಕ್ಟರಿ ಒಂದಾದ ಮ್ಯಾಲೆ ಒಂದು ಎದ್ದು ನಿಂತ್ವು, ನೋಡ್ತಾ ನೋಡ್ತಾ ಎಲ್ಲಾ ಕಬ್ಬು. ಮಂದಿ ಬಾಳೇವು ಸುಧಾರಿಸಿದ್ದು ಕಬ್ಬಿನಿಂದನ, ನಮ್ಮ ಅಪ್ಪ-ಕಾಕಾ ಮನಿ ಕಟ್ಟಿದ್ದು, ನಾ ಓದಿದ್ದು ಸುದ್ದಾ ಕಬ್ಬಿನ ಬಿಲ್ಲಿನ ಮ್ಯಾಲೆ, ಅದನ್ನ ನಾ ಯಾವತ್ತೂ ಸಣ್ಣದು ಅನ್ನಂಗಿಲ್ಲ. ಆದ್ರ ಈ ನಾಯಿ ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ದೂರದಾಗ ಏನರ ಅಲುಗಾಡಿದ್ದು ಕಂಡ್ರ ಓಡ್ತೈತಿ, ಕಣ್ಣಿಗೆ ಕಾಣದಿದ್ರ ನಿಲ್ತೈತಿ. ಹತ್ತು ಫೂಟು ಎತ್ತರದ ಕಬ್ಬಿನಾಗ ಅದಕ್ಕ ಏನೂ ಕಾಣಂಗಿಲ್ಲ, ಹತ್ತಿಪ್ಪತ್ತು ಹೆಜ್ಜಿ ಸೀದಾ ಓಡಾಕೂ ಜಾಗಾ ಇರಂಗಿಲ್ಲ. ಕಬ್ಬು ಕಡದ ಮ್ಯಾಲೆ ಬಯಲು ಆಗ್ತೈತಿ ಖರೆ, ಆದ್ರ ಕೂಳಿ ಉಳದಿರ್ತಾವಲ್ಲ, ಓರೆ ಕಡದ ಕೂಳಿ ಕತ್ತಿಗಿಂತ ಚೂಪು. ಚಿಗರಿ ಒಂದು ವರ್ಷದಾಕಿ ಇದ್ದಾಗ ಹಂಗ ಕೂಳಿ ಮ್ಯಾಲೆ ಓಡಿ ಮುಂಗಾಲಿನ ಪಾದ ಸೀಳ್ಕೊಂಡು ಬಂದಿದ್ಲು. ಹೊಲಿಗಿ ಹಾಕಬೇಕಾತು. ಈ ನಾಯಿಗೋಳ ಮೈಯಾಗ ಕೊಬ್ಬ ಇರಂಗಿಲ್ಲ, ಅರವಳಿಕಿ ಕೊಟ್ರ ಲಗೂನ ಇಳಿಯಂಗಿಲ್ಲ, ಭಾಳ ಜ್ವಾಕಿಯಿಂದ ಕೊಡಬೇಕು ಅಂತ ಡಾಕ್ಟರ್ ಹೇಳಿದ್ರು. ಅವತ್ತು ಅಕಿ ಕಣ್ಣು ಬಿಡೋ ಮಟ ಕಾಕಾ ದವಾಖಾನಿ ಹೊರಗಿನ ಕಟ್ಟಿ ಮ್ಯಾಲಿಂದ ಏಳಲಿಲ್ಲ, ನೀರು ಕುಡದಿಲ್ಲ, ಬೀಡಿ ಸೇದಿಲ್ಲ ಅಂತ ಜೋಡಿ ಹೋಗಿದ್ದ ನಮ್ಮ ತಮ್ಮ ಹೇಳಿದ.

ಆ ಸಲದ ಕಬ್ಬು ಹೋದ ಮ್ಯಾಲೆ ಕಾಕಾ ತನ್ನ ಪಾಲಿನ ಐದು ಎಕರ್ಯಾಗ ದಿನ್ನಿ ಮ್ಯಾಲಿನ ಒಂದು ಎಕರೆ ಉದ್ದನ ಪಟ್ಟಿಗೆ ಕುಳೆ ಬಿಡದ ಕೂಳಿ ಎಲ್ಲಾ ಕಿತ್ತಿಸಿ, ನೇಗಿಲಾ ಹೊಡಸಿ, ರವದಿ ಆರಿಸಿ ತಗದ. ಮತ್ತ ಕಬ್ಬು ಹಚ್ಚಲಿಲ್ಲ. ಮೊದಲ ವರ್ಷ ಹಿಂಗಾರಿಗೆ ಜ್ವಾಳ ಬಿತ್ತಿದ. ಜ್ವಾಳ ಆಳೆತ್ತರ ಬೆಳದಾಗ ಚಿಗರಿ ಹೊಲದ ದಂಡಿಗೆ ನಿಂತು ಸುಮ್ಮನ ನೋಡಾಕತ್ಲು, ಒಳಗ ಹೋಗಲಿಲ್ಲ. ಮುಂದಿನ ವರ್ಷದಿಂದ ಕಾಕಾ ಅಲ್ಲಿ ಬರೇ ಕಡ್ಲಿ ಬಿತ್ತಿದ, ಕಡ್ಲಿ ಮೊಣಕಾಲಿಗಿಂತ ಮ್ಯಾಲೆ ಬರಂಗಿಲ್ಲ ಅಂತ. ಒಂದ ಮಗ್ಗಲಿಗೆ ಬಂಡಿ ಹೋಗುವಷ್ಟು ಅಗಲ ಜಾಗಾ ಬಿತ್ತದ ಬಿಟ್ಟ, ಅದು ಅಕಿ ಓಡೋ ದಾರಿ. ಮುಂಗಾರಿನಾಗ ಇಡೀ ಎಕರೆ ಖಾಲಿ. ಯಾರರ ಕೇಳಿದ್ರ "ನೆಲಾ ದಣದೈತಿ, ಸ್ವಲ್ಪ ಮಲಗ್ಲಿ" ಅಂತಿದ್ದ. ಅದು ಸುಳ್ಳಲ್ಲ, ವರ್ಷಾ ವರ್ಷಾ ಕಬ್ಬ ಹಚ್ಚಿ ನೀರು ನಿಂದ್ರಿಸಿ ನಮ್ಮ ಕಡೆ ನೆಲಾ ಸವಳು ಆಗಾಕತ್ತೈತಿ. ಆದ್ರ ಮುಖ್ಯ ಕಾರಣ ಮನಿ ಮಂದಿಗೆಲ್ಲಾ ಗೊತ್ತಿತ್ತು.

ಮುಂಜಾನಿ ಐದೂವರಿಗೆ ಕಾಕಾ ಎದ್ದು ಬಾಗಲಾ ತಗದ್ರ ಸಾಕು, ಚಿಗರಿ ಅಂಗಳದಾಗ ಸುತ್ತ ಹಾಕಾಕತ್ತಿದ್ಲು. ಹಗ್ಗ ಇಲ್ಲ, ಸರಪಳಿ ಇಲ್ಲ. ಹೊಲ ಬರೋ ಮಟ ಕಾಕಾನ ಹಿಮ್ಮಡಿ ಹತ್ರ ಸಣ್ಣ ಹೆಜ್ಜಿ ಹಾಕ್ಕೋತ ಬರ್ತಿದ್ಲು, ದಿನ್ನಿ ಏರಿದ ಕೂಡ್ಲೆ ಕಾಕಾನ ಮುಖಾ ಒಮ್ಮೆ ನೋಡ್ತಿದ್ಲು. ಕಾಕಾ ಬರೇ "ಹೂಂ" ಅಂತಿದ್ದ. ಆಮ್ಯಾಲಿಂದು ಬರದು ತೋರಿಸೂದು ಕಷ್ಟ. ಮೈ ಪೂರ್ತಿ ಮಡಚಿ, ಹಿಂಗಾಲು ಮುಂಗಾಲಿಗಿಂತ ಮುಂದ ಬಂದು, ಮತ್ತ ಪೂರ್ತಿ ಚಾಚಿ, ಹಂಗ ಒಂದು ಹೆಜ್ಜಿಯೊಳಗ ಎರಡು ಸಲ ನಾಲ್ಕೂ ಕಾಲು ನೆಲಾ ಬಿಟ್ಟಿರ್ತಾವು, ಮಡಚಿದಾಗ ಒಮ್ಮೆ, ಚಾಚಿದಾಗ ಒಮ್ಮೆ. ಸಪ್ಪಳ ಬರಂಗಿಲ್ಲ. ಎರಿ ನೆಲದ ಮ್ಯಾಲೆ ಸಣ್ಣಗೆ ಧೂಳು ಏಳ್ತೈತಿ, ಅದು ಇಳಿಯೂದರೊಳಗ ಅಕಿ ಆ ಕಡೆ ಬೇವಿನ ಗಿಡಾ ಮುಟ್ಟಿ ತಿರುಗಿರ್ತಿದ್ಲು. ನಾಲ್ಕೈದು ಸುತ್ತ ಓಡಿ ಬಂದು ಕಾಕಾನ ಮೊಣಕಾಲಿಗೆ ತಲಿ ಒತ್ತಿ ನಿಲ್ತಿದ್ಲು, ಪಕ್ಕಡಿ ಎದ್ದು ಎದ್ದು ಬೀಳ್ತಿದ್ವು. ಕಾಕಾ ಅಕಿ ಎದಿ ಮ್ಯಾಲೆ ಅಂಗೈ ಇಟ್ಟು ಬಡಿತ ಸಾವಕಾಶ ಆಗೋ ಮಟ ಹಂಗ ನಿಂದಿರ್ತಿದ್ದ. ಮಾತು ಭಾಳ ಕಮ್ಮಿ ನಮ್ಮ ಕಾಕಾಂದು, ನಗುನೂ ಕಮ್ಮಿ. ಆ ಹೊತ್ತಿನ್ಯಾಗ ಅಂವನ ಮುಖಾ ನೋಡಿದವ್ರು ಅಂವ ಸುಖದಾಗ ಅದಾನೋ ಇಲ್ಲೋ ಅಂತ ಕೇಳ್ತಿರಲಿಲ್ಲ.

ಒಂದು ಸಲ ನನ್ನ ಕಣ್ಣ ಮುಂದ ಮೊಲ ಎದ್ದಿತ್ತು. ಕಡ್ಲಿ ಸಾಲಿನಾಗ ಕುಂತಿದ್ದು ಚಿಗರಿ ಹತ್ರ ಬಂದ ಕೂಡ್ಲೆ ಚಿಮ್ಮಿತು. ಮೊಲ ಸೀದಾ ಓಡಂಗಿಲ್ಲ, ಒಮ್ಮೆಲೇ ಮುರ್ಕೊಂಡು ಬಾಜೂಕ ಹೊಳ್ಳತೈತಿ, ಇಕಿ ವೇಗದಾಗ ಮುಂದ ಹೋಗಿ, ಮತ್ತ ಹೊಳ್ಳಿ, ಮತ್ತ ಹತ್ರ ಬಂದು, ಇನ್ನೇನು ಸಿಕ್ಕ ಬಿಡ್ತು ಅನ್ನೂದರಾಗ ಮೊಲ ಬಾಜೂ ಹೊಲದ ಕಬ್ಬಿನಾಗ ನುಗ್ಗಿತು. ಚಿಗರಿ ಕಬ್ಬಿನ ಗ್ವಾಡಿ ಮುಂದ ಗಕ್ಕನ ನಿಂತ್ಲು. ಮೂಸಿ ನೋಡಲಿಲ್ಲ, ಒಳಗ ಹೊಗಲಿಲ್ಲ, ಬರೇ ಕತ್ತ ಎತ್ತಿ ಆ ಕಡೆ ಈ ಕಡೆ ನೋಡಿದ್ಲು. ಕಾಕಾ ಹೋಗಿ ಕಿವಿ ಸವರಿ ಕರ್ಕೊಂಡು ಬಂದ. "ಮೊಲಕ್ಕ ಕಬ್ಬು ಬಂದದ್ದು ಚಲೋ ಆತು, ನಮ್ಮಕಿಗೆ ಆಗಲಿಲ್ಲ" ಅಂತ ದಾರ್ಯಾಗ ಹೇಳಿದ. ನಮ್ಮೂರಿನ ನಲವತ್ತು-ಐವತ್ತು ವರ್ಷದ ಬದಲಾವಣಿ ಬಗ್ಗೆ ಅಷ್ಟು ಸರಿಯಾದ ಮಾತು ನಾ ಬ್ಯಾರೆ ಯಾರ ಬಾಯಾಗೂ ಕೇಳಿಲ್ಲ.

ಕಡ್ಲಿ ಹೊಲದ್ದು ಇನ್ನೊಂದು ಐತಿ. ಕಡ್ಲಿ ಗಿಡದ ಎಲಿ ಮ್ಯಾಲೆ ಹುಳಿ ಇರ್ತೈತಿ, ನಮ್ಮ ಕಡೆ ಹೆಣ್ಮಕ್ಳು ರಾತ್ರಿ ಬಿಳಿ ಅರಿವಿ ಹಾಸಿ ಮುಂಜಾನಿ ಇಬ್ಬನಿ ಜೋಡಿ ಆ ಹುಳಿ ಹಿಂಡಿ ತಗದು ಹೊಟ್ಟಿ ನೋವಿಗೆ ಔಷಧ ಅಂತ ಇಟ್ಕೋತಾರ. ಚಿಗರಿ ಕಡ್ಲ್ಯಾಗ ಹಾಯ್ದು ಬಂದ್ರ ಆ ಹುಳಿ ಕಾಲಿಗೆ, ಹೊಟ್ಟಿಗೆ ಹತ್ತಿ ತೆಳು ಚರ್ಮ ಉರಿಯೂದು, ಅಕಿ ನೆಕ್ಕೋತ ಕೂಡ್ತಿದ್ಲು. ಅದಕ್ಕ ಕಾಕಾ ಹೊಲದಿಂದ ಬಂದ ಕೂಡ್ಲೆ ಪಂಪಿನ ನೀರಾಗ ನಾಲ್ಕೂ ಕಾಲು ತೊಳದು, ತನ್ನ ಟಾವೆಲ್ಲಿನಿಂದ ಬೆರಳಸಂದಿ ಮಟ ಒರಸ್ತಿದ್ದ. ಆಮ್ಯಾಲೆ ಅದ ಟಾವೆಲ್ಲು ಹೆಗಲಿಗೆ ಹಾಕ್ಕೊಂಡು ಮನಿಗೆ ಬಂದ್ರ ಚಿಗವ್ವ ಬಾಗಲ್ದಾಗ ನಿಂತ ಬೈತಿದ್ಲು.

ಚಿಗವ್ವನ ಮಾತು ಬ್ಯಾರೆನ ಬರೀಬೇಕು. ರೊಕ್ಕದ ಬದ್ಲಿ ಬಂದ ನಾಯಿ ಅಂತ ಅಕಿಗೆ ಒಂದೆರಡು ವರ್ಷ ಸಿಟ್ಟು ಹೋಗಿರಲಿಲ್ಲ. ಚಿಗರಿನೂ ಅಕಿ ಹತ್ರ ಹೋಗ್ತಿರಲಿಲ್ಲ. ಈ ತಳಿ ಹಂಗ, ಕಂಡ ಕಂಡವರ ಕೈ ಮೈಮ್ಯಾಲೆ ಬಿದ್ರ ಸರದು ನಿಲ್ತಾವು, ಬೊಗಳೂದು ಭಾಳ ಕಮ್ಮಿ, ಒಬ್ಬರ್ನ ಹಿಡದು ಕುಂತ್ರ ಅವರಿಗೇ ಅಂಟ್ಕೊಂಡಿರ್ತಾವು. ಒಂದು ವರ್ಷ ಎಳ್ಳಮವಾಸಿ ಹೊತ್ತಿಗೆ ಥಂಡಿ ಜೋರ ಬಿತ್ತು. ಕೊಬ್ಬಿಲ್ಲದ ಮೈ, ತುಪ್ಪಳಿಲ್ಲದ ಚರ್ಮ, ಕಾಕಾ ನೀರು ಹಾಯ್ಸಾಕ ಹೋದ ರಾತ್ರಿ ಚಿಗರಿ ಕಟ್ಟಿ ಮ್ಯಾಲೆ ಹಲ್ಲು ಕಟಕಟಾ ಅನ್ನುವಂಗ ನಡುಗಾಕತ್ತಿದ್ಲು. ಕರೆಂಟು ರಾತ್ರಿನ ಕೊಡೋರು, ಕಾಕಾ ಬೆಳಗಿನ ಮಟ ಬರೋಹಂಗಿಲ್ಲ. ಚಿಗವ್ವ ಎದ್ದು ಬಾಗಲಾ ತಗದು ಒಳಗ ಕರದ್ಲು, ಒಲಿ ಮುಂದ ಗ್ವಾಣಿಚೀಲ ಹಾಸಿದ್ಲು. ಮರುದಿನ ಟ್ರಂಕಿನಾಗಿಂದ ಹಳೇ ಇಳಕಲ್ ಸೀರಿ ತಗದು ಹರದು ಕೌದಿ ಹಚ್ಚಾಕ ಕುಂತ್ಲು. ಮನುಷ್ಯಾರಿಗೆ ಹೊಚ್ಚೋ ಕೌದಿ ಅಲ್ಲ, ಚಿಗರಿ ಅಳತಿದು. ಕುತ್ತಿಗಿ ಹತ್ರ ಎರಡು ಲಾಡಿ, ಹೊಟ್ಟಿ ಕೆಳಗ ಎರಡು ಲಾಡಿ, ಬಾಲದ ಹತ್ರ ಮೋಟು. ಕೌದಿಗೆ ಹಾಕೋ ಹಂಗ ದಂಡಿಗೆ ಸಾಲು ಹೊಲಿಗಿ, ನಾಲ್ಕು ಮೂಲಿಗೆ ಬಣ್ಣದ ತ್ವಾಪಿ ಸುದ್ದಾ ಕೂಡ್ಸಿದ್ಲು. ಅಲ್ಲಿಂದ ಪ್ರತಿ ಚಳಿಗಾಲಕ್ಕ ಒಂದು ಹೊಸದು. ಸೀರಿ ಆರಿಸೂದರಾಗೂ ಅಕಿದು ಲೆಕ್ಕ ಇತ್ತು, ಕೆಂಪು ದಂಡಿ ಅಂದ್ರ ಹೊಲದಾಗ ದೂರದಿಂದ ಕಾಣ್ತೈತಿ ಅಂತ. ಹಬ್ಬದ ದಿನ ಬಂಡಿ ಕಟ್ಟಿ ಹೊಲಕ್ಕ ಹೋಗಿ ಚರಗ ಚೆಲ್ಲಿ ಎಲ್ಲಾರೂ ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗಿ ಹಚ್ಕೊಂಡು ಕುಂತ್ರ, ಚಿಗರಿ ಇಳಕಲ್ ಸೀರಿ ಕೌದಿ ಉಟ್ಕೊಂಡು ಚಿಗವ್ವನ ಬಾಜೂಕ ಕುಂತಿರ್ತಿದ್ಲು. ನನ್ನ ಹತ್ರ ಇರೋ ಫೋಟೋದಾಗ ಅದ ನನಗ ಭಾಳ ಇಷ್ಟ.

ಜಾತ್ರಿಗೆ ನಾಯಿ ಓಟದ ಶರ್ಯತ್ತು ಇಡೋದು ನಮ್ಮ ಕಡೆ ಐತಿ. ಗೆಳ್ಯಾರ ಮಾತಿಗೆ ಕಾಕಾ ಒಮ್ಮೆ ಕರ್ಕೊಂಡು ಹೋದ. ಮೈಕು, ಹಲಗಿ, ಸೀಟಿ, ಮಂದಿ. ಚಿಗರಿ ಬಾಲಾ ಕಾಲೊಳಗ ಸೇರಿಸಿ ನೆಲಕ್ಕ ಅಂಟಿ ನಿಂತ್ಲು. ಹೆಸರು ಕೂಗಾಕಿಂತ ಮೊದಲ ಕಾಕಾ ಅಕಿನ್ನ ಎತ್ಕೊಂಡು ಹೊರಗ ಬಂದ. ಮತ್ತ ಹೋಗಲಿಲ್ಲ.

ನಮ್ಮ ಅಪ್ಪಗ ಆ ಒಂದು ಎಕರೆ ಕಣ್ಣಾಗ ಚುಚ್ಚುತ್ತಿತ್ತು. ಅಪ್ಪ ಕೆಟ್ಟವ ಅಲ್ಲ, ಲೆಕ್ಕದ ಮನುಷ್ಯಾ. ಎಕರೆಗೆ ನಲವತ್ತು ಟನ್ ಕಬ್ಬು ಹಿಡದ್ರೂ ವರ್ಷಕ್ಕ ಎಷ್ಟು ಬಿತ್ತು, ಅದ್ರಾಗ ಕಡ್ಲಿ ಏನು ನಾಲ್ಕೈದು ಕ್ವಿಂಟಲ್, ಹುಡುಗನ ಫೀ ಐತಿ, ಸೊಸೈಟಿ ಸಾಲ ಐತಿ ಅಂತ ಪ್ರತಿ ದೀಪಾವಳಿಗೂ ಚೀಟಿ ಮ್ಯಾಲೆ ಬರದು ತೋರಿಸ್ತಿದ್ದ. ಕಾಕಾ ಅಣ್ಣಗ ಎದುರು ಮಾತಾಡೋ ಪೈಕಿ ಅಲ್ಲ, ತಲಿ ತಗ್ಗಿಸಿ ಕೇಳಿಸ್ಕೊಂಡು, "ಹೂಂನಣ್ಣ, ನೋಡೂಣು" ಅಂತಿದ್ದ, ಹಿಂಗಾರಿ ಬಂದ್ರ ಮತ್ತ ಕಡ್ಲಿ. ಒಂದ ಸಲ ಮಾತ್ರ ತಿರುಗಿ ಹೇಳಿದ್ದು ನನಗ ನೆನಪೈತಿ: "ಅಣ್ಣಾ, ನಾಲ್ಕು ಎಕರೆ ನಮಗ ದುಡಿತೈತಿ. ಒಂದು ಎಕರೆ ಅಕಿಗಿರ್ಲಿ. ಅಕಿ ಏನ ನೂರು ವರ್ಷ ಇರಾಕಿ ಅಲ್ಲ." ಅಪ್ಪ ಆಮ್ಯಾಲೆ ಚೀಟಿ ಬರೀಲಿಲ್ಲ.

2019ರ ಆಗಸ್ಟಿನ್ಯಾಗ ಹೊಳಿ ಬಂತು. ಘಟ್ಟದಾಗ ಮಳಿ ನಿಲ್ಲವಲ್ದು, ಹಿಡಕಲ್ಲಿನಿಂದ ನೀರು ಬಿಟ್ರು, ಮುಧೋಳ-ಯಾದವಾಡ ಸೇತುವಿ ಮುಳುಗಿತು, ಘಟಪ್ರಭಾ ಮೊದಲು ಕಬ್ಬಿಗೆ ಬಂತು, ಆಮ್ಯಾಲೆ ಊರಾಗ ಬಂತು. ಚಿಗರಿಗೆ ಆವಾಗ ಹತ್ತು ವರ್ಷ, ಮೂತಿ ಬೆಳ್ಳಗಾಗಿತ್ತು. ಸಾಲ್ಯಾಗ ಗಂಜಿ ಕೇಂದ್ರ ತಗದಿದ್ರು, ಹೆಂಗಸ್ರು ಮಕ್ಕಳು ಟ್ರ್ಯಾಕ್ಟರ್ ಟ್ರೈಲಿ ಹತ್ತಿ ಅಲ್ಲಿಗೆ ಹೋಗಬೇಕು, ದನಾ ಎಲ್ಲಿ ಕಟ್ಟೂದು? ಊರ ಸುತ್ತ ಎಲ್ಲಾ ಕಬ್ಬು, ಕಬ್ಬಿನಾಗ ಎದಿ ಮಟ ನೀರು. ನೀರಿಲ್ಲದ, ಬೆಳಿಯಿಲ್ಲದ, ಖಾಲಿ ಎತ್ತರದ ಜಾಗಾ ಆ ಕಡೆ ಇದ್ದದ್ದು ಚಿಗರಿ ಓಡೋ ದಿನ್ನಿ ಒಂದ. ನಮ್ಮ ಎಮ್ಮಿ, ಬಾಜೂ ಮನಿಯವರ ಆಕಳಾ, ಆ ಓಣಿ ಈ ಓಣಿ ಎತ್ತು, ಹೋರಿ, ಆಡು ಎಲ್ಲಾ ಅಲ್ಲಿ ಬಂದ್ವು. ತಾಡಪತ್ರಿ ಕಟ್ಟಿ ಗಂಡಸ್ರು ಅಲ್ಲೇ ಉಳಕೊಂಡ್ರು. ಅಪ್ಪನೂ ಇದ್ದ. ಕೆಳಗ ನೀರಾಗ ನಿಂತ ಕಬ್ಬು ಕೊಳಿಯೋ ವಾಸನಿ ಮೂಗಿಗೆ ಬಡಿತಿತ್ತಂತ. ಅಪ್ಪ ಆ ರಾತ್ರಿ ಬಗ್ಗೆ ಹೆಚ್ಚು ಹೇಳಂಗಿಲ್ಲ. ಆದ್ರ ನೀರು ಇಳದ ಮ್ಯಾಲೆ ಆ ಹೊಲದ ಒಡ್ಡು ಕಟ್ಟಾಕ ತಾನ ಆಳು ಹಚ್ಚಿ ಮಣ್ಣು ಹಾಕ್ಸಿದ, ರೊಕ್ಕನೂ ಕಾಕಾನ ಕಡೆ ಇಸ್ಕೊಳ್ಳಲಿಲ್ಲ.

ಚಿಗರಿ ಮಾತ್ರ ದಿನ್ನಿ ಮ್ಯಾಲೆ ಇರಲಿಲ್ಲ. ಮಳ್ಯಾಗ ಮುದಿ ನಾಯಿ ಥಂಡಿಗೆ ಸಾಯ್ತೈತಿ ಅಂತ ಕಾಕಾ ಅಕಿನ್ನ ಟ್ರೈಲ್ಯಾಗ ಚಿಗವ್ವನ ಜೋಡಿ ಕಳಿಸಿದ್ದ. ಸಾಲ್ಯಾಗ ಒಂದು ಕ್ವಾಣ್ಯಾಗ ಎಷ್ಟೋ ಮಂದಿ. ನಾಯಿ ಹೊರಗ ಕಟ್ರಿ ಅಂತ ಯಾರೋ ಅಂದ್ರು, ಚಿಗವ್ವ ಅಕಿನ್ನ ತೊಡಿ ಮ್ಯಾಲೆ ಎಳಕೊಂಡು "ಇಕಿ ಹೊರಗಂದ್ರ ನಾನೂ ಹೊರಗ" ಅಂದ್ಲಂತ. ಪರಕೀಯರ ಕೈ ಮೈಗೆ ಹತ್ತಿದ್ರ ಸರಿಯೋ ನಾಯಿ, ಆ ರಾತ್ರಿ ಗುರುತಿಲ್ಲದ ಸಣ್ಣ ಹುಡುಗ್ರ ನಡುವ ಮಲಗಿತ್ತು. ಒಂದು ಕೂಸು ಅಕಿ ಕಿವಿ ಹಿಡಕೊಂಡ ನಿದ್ದಿ ಮಾಡಿತ್ತಂತ. ಚಿಗವ್ವ ಇದನ್ನ ಹೇಳುವಾಗೆಲ್ಲಾ ಸೆರಗು ಕಣ್ಣಿಗೆ ಹೋಗ್ತೈತಿ.

ಈ ತಳಿಗೆ ಹೆಸರು ಬಂದದ್ದು ನಮ್ಮ ಕಣ್ಣ ಮುಂದ. 2005ರಾಗ ಅಂಚೆ ಇಲಾಖೆ ದೇಸಿ ನಾಯಿಗೋಳ ಸ್ಟಾಂಪ್ ತಗದಾಗ ಅದ್ರಾಗ ಮುಧೋಳನೂ ಇತ್ತು, ಊರಾಗ ಅದನ್ನ ನೋಡಿದವ್ರು ಕಮ್ಮಿ. 2016ರಾಗ ಸೇನೆಯವ್ರು ತರಬೇತಿ ಕೊಡಾಕ ಮರಿ ಮೀರತ್ತಿಗೆ ಒಯ್ದ್ರು, ಪೇಪರ್ನ್ಯಾಗ ಬಂತು. 2020ರ ಆಗಸ್ಟಿನ್ಯಾಗ ಪ್ರಧಾನಿ ಮನ್ ಕೀ ಬಾತ್‌ನ್ಯಾಗ ಹೆಸರು ತಗೊಂಡ ಮ್ಯಾಲೆ ನೋಡ್ರಿ, ಎಲ್ಲೆಲ್ಲಿಂದೋ ಫೋನು. ನಮ್ಮ ಸುತ್ತಮುತ್ತ ಎಷ್ಟೋ ಬಡ ಮನಿ ಮರಿ ಸಾಕಿ ಮಾರಿ ಜೀವನ ಮಾಡ್ತಾವು, ಅವರಿಗೆ ನಾಲ್ಕು ರೊಕ್ಕ ಹೆಚ್ಚು ಬಂದದ್ದು ನನಗ ಖುಷಿನ. ಆದ್ರ ಬೆಂಗಳೂರಿನ ಆರನೇ ಮಹಡಿ ಫ್ಲ್ಯಾಟಿಗೆ, ದಿನಕ್ಕ ಎರಡು ಸಲ ಲಿಫ್ಟಿನ್ಯಾಗ ಇಳಿಸಿ ಹತ್ತು ನಿಮಿಷ ಬೆಲ್ಟ್ ಹಿಡದು ತಿರುಗ್ಸಾಕ ಈ ನಾಯಿ ಬೇಕು ಅಂತ ಕೇಳಿದಾಗ ನನಗ ಸಂಕಟ ಆಗ್ತೈತಿ. ನಾ ಕೈ ಮುಗದು ಹೇಳ್ತೀನಿ, ಬ್ಯಾಡ್ರಿ. ಸುತ್ತ ಬೇಲಿ ಇರೋ ದೊಡ್ಡ ಬಯಲು ದಿನಾ ಸಿಗೋಹಂಗಿದ್ರ, ಬೆಲ್ಟ್ ಬಿಚ್ಚಿ ಬಿಡೋಹಂಗಿದ್ರ ಮಾತ್ರ ತಗೋರಿ. ಇಲ್ಲಾಂದ್ರ ನಿಮ್ಮ ಓಣ್ಯಾಗ ಇರೋ ನಾಯಿಮರಿ ತಂದು ಸಾಕ್ರಿ, ಅದೂ ಅಷ್ಟ ಪ್ರೀತಿ ಕೊಡ್ತೈತಿ.

ಚಿಗರಿ ಒಂದ ಸಲ ಮರಿ ಹಾಕಿದ್ದು, 2013ರಾಗ, ಐದು. ಕಾಕಾ ಒಂದೂ ಮಾರಲಿಲ್ಲ. ಕೇಳಾಕ ಬಂದವರ ಹೊಲಾ ನೋಡಾಕ ಹೋಗ್ತಿದ್ದ. ಖರೇನ ಹೋಗ್ತಿದ್ದ, ಬೈಕ್ ತಗೊಂಡು. ಕಬ್ಬು ಎಷ್ಟು, ಬಯಲು ಎಷ್ಟು, ಮನ್ಯಾಗ ಯಾರು ಇರ್ತಾರ, ಸರಪಳಿ ಕಟ್ತೀರೇನು. ಸರಪಳಿ ಅಂದವರ ಮನ್ಯಾಗ ಚಾ ಸುದ್ದಾ ಕುಡೀದ ಎದ್ದು ಬರ್ತಿದ್ದ. ಐದರಾಗ ಒಂದು ಅಥಣಿ ಕಡೆ ಒಬ್ಬ ಮಾಸ್ತರ ಹತ್ರ ಹೋತು.

2021ರ ಬೇಸಿಗ್ಯಾಗ ಚಿಗರಿ ತೀರಿಕೊಂಡ್ಲು. ಹನ್ನೆರಡು ವರ್ಷ ಆಗಿತ್ತು, ಕಿಡ್ನಿ ಸೋತಿದ್ವು. ಕಡೀ ತಿಂಗಳು ಅಕಿಗೆ ದಿನ್ನಿ ಏರಾಕ ಆಗ್ತಿರಲಿಲ್ಲ, ಕಾಕಾ ಎತ್ಕೊಂಡು ಒಯ್ದು ಬೇವಿನ ಗಿಡದ ಕೆಳಗ ಇಳಿಸ್ತಿದ್ದ, ಅಕಿ ಬಯಲು ನೋಡ್ಕೋತ ಕೂಡ್ತಿದ್ಲು. ಲಾಕ್‌ಡೌನ್ ಇತ್ತು, ನಾ ಹೋಗಾಕ ಆಗಲಿಲ್ಲ. ಅದ ಗಿಡದ ಬುಡಕ್ಕ ಮಣ್ಣು ಮಾಡಿದ್ರು, ಚಿಗವ್ವ ಆ ವರ್ಷ ಹಚ್ಚಿದ್ದ ಕೌದಿ ಸುತ್ತಿ. ಆಮ್ಯಾಲೆ ಕಾಕಾ ಬ್ಯಾರೆ ನಾಯಿ ತರಲಿಲ್ಲ. ತಾ ಅಂತ ಯಾರೂ ಹೇಳಲೂ ಇಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಥಣಿ ಮಾಸ್ತರು ನಮ್ಮ ತಮ್ಮನ ಫೋನಿಗೆ ಒಂದು ವಿಡಿಯೋ ಕಳಿಸಿದ್ರು, ಚಿಗರಿ ಮರಿಯ ಮರಿ, ಈಗ ಎರಡು ವರ್ಷದ್ದು, ಬಣ್ಣಾ ಥೇಟ್ ಅದ, ಎದಿ ಮ್ಯಾಲಿನ ಬಿಳಿ ಪಟ್ಟಿ ಸುದ್ದಾ. ಅಂಗಳದಾಗ ಓಡಾಡಿ ಬಂದು ಮಾಸ್ತರ ಕಾಲಾಗ ಕೂಡ್ತೈತಿ, ಅಷ್ಟ ವಿಡಿಯೋ. ಚಿಗವ್ವ ನೋಡಿ "ಅಯ್ಯ ನಮ್ಮಕಿ!" ಅಂತ ಅತ್ಲು. ಕಾಕಾ ಚಸ್ಮಾ ಹಾಕ್ಕೊಂಡು ಫೋನು ಕಣ್ಣ ಹತ್ರ ಹಿಡದು ಒಮ್ಮೆ ನೋಡಿದ, ಮತ್ತೊಮ್ಮೆ ಹಚ್ಚಂದ, ಮೂರನೇ ಸಲ ನಡುವ ನಿಂದ್ರಿಸಂದ. ತಮ್ಮ ನಿಂದ್ರಿಸಿದ. ಕಾಕಾ ಬೆರಳಿಲೆ ಮುಂಗಾಲು ತೋರಿಸಿದ.

"ಉಗರ ನೋಡು ಎಷ್ಟು ಬೆಳದಾವು. ಬಿರುಸು ನೆಲದ ಮ್ಯಾಲೆ ಓಡಿದ್ರ ತಾವ ಸವಿತಿದ್ವು. ಮಾಸ್ತರು ಬಯಲಿಗೆ ಬಿಡವಲ್ರು. ಫೋನ್ ಹಚ್ಚಿಕೊಡು ಅವರಿಗೆ, ನಾ ಮಾತಾಡ್ತೀನಿ."

ತಮ್ಮ ಹಚ್ಚಿಕೊಟ್ಟ. ಊರ ಕಡೆ ಹೊಲಾ ಎಲ್ಲಾ ಕಬ್ಬಾತು, ಎಲ್ಲಿ ಬಿಡ್ಲಿ ಅಂತ ಆ ಕಡೆಯಿಂದ ಮಾಸ್ತರು ಹೇಳೂದು ನಮಗೂ ಕೇಳಸ್ತಿತ್ತು. ಕಾಕಾ ಪೂರ್ತಿ ಕೇಳಿಸ್ಕೊಂಡ. ಆಮ್ಯಾಲೆ, "ಹಂಗಾರ ರವಿವಾರ ಗಾಡ್ಯಾಗ ಹಾಕ್ಕೊಂಡು ಇಲ್ಲಿಗೆ ಬರ್ರಿ ಮಾಸ್ತರ. ನಮ್ಮ ಹೊಲದಾಗ ಕಡ್ಲಿ ಈಗಷ್ಟ ಕಿತ್ತಾರ, ಪೂರಾ ಖಾಲಿ ಐತಿ" ಅಂದ.